ಕ್ಲಾನ್ ವಾರ್ ಲೀಗ್: ಏಳು ದಿನದಲ್ಲಿ ಜಾಸ್ತಿ ಸ್ಟಾರ್ ಕೂಡಿಸುವುದು ಹೇಗೆ?

ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಮೊಬೈಲ್ ಆಟ ಆಡುವ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಪ್ರತಿ ತಿಂಗಳ ಎರಡನೇ ವಾರ ಒಂದೇ ಪ್ರಶ್ನೆ ಕಳಿಸುತ್ತಾರೆ. "ನಮ್ಮ ಕ್ಲಾನಲ್ಲಿ ದೊಡ್ಡ ಟೌನ್‌ಹಾಲ್‌ನವರೇ ಇದ್ದಾರೆ. ಮಾಮೂಲಿ ವಾರ್‌ನಲ್ಲಿ ಆರಾಮಾಗಿ ಗೆಲ್ತೀವಿ. ಲೀಗ್ ಬಂದರೆ ಮಾತ್ರ ಐದನೇ ಸ್ಥಾನ, ಆರನೇ ಸ್ಥಾನ. ಯಾಕೆ?" (ಕ್ಲಾನ್ ಅಂದರೆ ಆಟಗಾರರ ತಂಡ. ಟೌನ್‌ಹಾಲ್ ಅಂದರೆ ಆಟಗಾರನ ಹಳ್ಳಿಯ ಮುಖ್ಯ ಕಟ್ಟಡ, ಅದರ ಲೆವೆಲ್ ದೊಡ್ಡದಿದ್ದಷ್ಟೂ ಹಳ್ಳಿ ಬಲ. ವಾರ್ ಅಂದರೆ ಎರಡು ಕ್ಲಾನ್‌ಗಳು ಒಬ್ಬರ ಹಳ್ಳಿಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವುದು.)

ಕಾರಣ ಹೆಚ್ಚಿನ ಸಲ ಒಂದೇ ಇರುತ್ತದೆ. ನೀವು ಲೀಗನ್ನು ಮಾಮೂಲಿ ವಾರ್ ತರಹವೇ ಆಡುತ್ತಿದ್ದೀರಿ. ಎರಡರಲ್ಲೂ ಮ್ಯಾಪ್ ಅದೇ, ಸ್ಟಾರ್ ಅದೇ, ಆದರೆ ಲೆಕ್ಕ ಬೇರೆ. ಆ ಲೆಕ್ಕ ಗೊತ್ತಾದರೆ ಇರುವ ಆಟಗಾರರನ್ನೇ ಇಟ್ಟುಕೊಂಡು ಮೇಲೆ ಹೋಗಬಹುದು. ಲೀಡರ್ ಮತ್ತು ಕೋ-ಲೀಡರ್‌ಗಳಿಗೆ ಈ ಲೇಖನ ಜಾಸ್ತಿ ಉಪಯೋಗ. ಸಾಮಾನ್ಯ ಸದಸ್ಯರು 5ನೇ ಹಂತವನ್ನಾದರೂ ಬಿಡದೆ ಓದಿ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಕ್ಲಾನ್ ವಾರ್ ಲೀಗ್ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ತಿಂಗಳಿಗೆ ಒಂದು ಸಲ, ತಿಂಗಳ ಮೊದಲ ದಿನಗಳಲ್ಲಿ ನಡೆಯುತ್ತದೆ. ಒಂದು ಗುಂಪಿನಲ್ಲಿ ಎಂಟು ಕ್ಲಾನ್. ಪ್ರತಿಯೊಂದು ಕ್ಲಾನ್ ಉಳಿದ ಏಳರ ಜೊತೆ ಒಂದೊಂದು ವಾರ್ ಆಡುತ್ತದೆ, ದಿನಕ್ಕೊಂದರಂತೆ ಏಳು ದಿನ. ಒಂದು ಕಡೆಗೆ 15 ಜನ ಅಥವಾ 30 ಜನ.

ಮುಖ್ಯ ವ್ಯತ್ಯಾಸ ಇಲ್ಲಿದೆ. ಮಾಮೂಲಿ ವಾರ್‌ನಲ್ಲಿ ಒಬ್ಬರಿಗೆ ಎರಡು ಅಟ್ಯಾಕ್. ಲೀಗ್‌ನಲ್ಲಿ ದಿನಕ್ಕೆ ಒಂದೇ ಅಟ್ಯಾಕ್.

ಗುಂಪಿನಲ್ಲಿ ನಿಮ್ಮ ಸ್ಥಾನ ನಿರ್ಧಾರವಾಗುವುದು ಎಷ್ಟು ವಾರ್ ಗೆದ್ದಿರಿ ಎಂಬುದರ ಮೇಲಲ್ಲ. ಏಳು ದಿನದ ಒಟ್ಟು ಸ್ಟಾರ್ ಮೇಲೆ. ಒಂದು ವಾರ್ ಗೆದ್ದರೆ 10 ಸ್ಟಾರ್ ಬೋನಸ್ ಸೇರುತ್ತದೆ, ಅಷ್ಟೇ. ಇಬ್ಬರ ಸ್ಟಾರ್ ಸಮ ಬಂದರೆ ಒಟ್ಟು ಡಿಸ್ಟ್ರಕ್ಷನ್, ಅಂದರೆ ಎಷ್ಟು ಶೇಕಡಾ ಕೆಡವಿದ್ದೀರಿ ಎಂಬುದನ್ನು ನೋಡುತ್ತಾರೆ.

ಒಂದು ಉದಾಹರಣೆ. ನಿಮ್ಮ ಕ್ಲಾನ್ ಐದು ವಾರ್ ಗೆದ್ದಿದೆ, ದಿನಕ್ಕೆ ಸರಾಸರಿ 30 ಸ್ಟಾರ್. 210ಕ್ಕೆ ಬೋನಸ್ 50 ಸೇರಿಸಿದರೆ 260. ಪಕ್ಕದ ಕ್ಲಾನ್ ನಾಲ್ಕೇ ಗೆದ್ದಿದೆ, ಆದರೆ ದಿನಕ್ಕೆ ಸರಾಸರಿ 33 ಸ್ಟಾರ್ ತೆಗೆದಿದೆ. 231ಕ್ಕೆ 40 ಸೇರಿಸಿದರೆ 271. ಕಡಿಮೆ ಗೆದ್ದವರು ನಿಮಗಿಂತ ಮೇಲೆ. ಅದಕ್ಕೇ "ಹೇಗೂ ಗೆದ್ದಾಯ್ತು, ಇನ್ಯಾಕೆ ಅಟ್ಯಾಕ್" ಅಂತ ಮಲಗಬೇಡಿ. "ಹೇಗೂ ಸೋತಾಯ್ತು" ಅಂತಲೂ ಮಲಗಬೇಡಿ. ಎರಡನೆಯದು ಇನ್ನೂ ಕೆಟ್ಟ ಚಾಳಿ.

ಇನ್ನು ಪದಗಳು. ಬೇಸ್ ಅಂದರೆ ಆಟಗಾರ ತನ್ನ ಕಟ್ಟಡಗಳನ್ನು ಜೋಡಿಸಿಟ್ಟ ಜಾಗ. ಒಂದು ಬೇಸ್‌ನಲ್ಲಿ ಅರ್ಧ ಕೆಡವಿದರೆ ಒಂದು ಸ್ಟಾರ್, ಟೌನ್‌ಹಾಲ್ ಬಿದ್ದರೆ ಒಂದು, ಪೂರ್ತಿ ನೂರಕ್ಕೆ ನೂರು ಕೆಡವಿದರೆ ಮೂರನೆಯದು. ಪೂರ್ತಿ ಕೆಡವುವುದಕ್ಕೆ ಟ್ರಿಪಲ್ ಅನ್ನುತ್ತಾರೆ. ಮಿರರ್ ಅಂದರೆ ಎದುರಿನ ಮ್ಯಾಪ್‌ನಲ್ಲಿ ನಿಮ್ಮದೇ ನಂಬರ್‌ನ ಬೇಸ್. ಫ್ರೆಶ್ ಬೇಸ್ ಅಂದರೆ ಇನ್ನೂ ಯಾರೂ ಮುಟ್ಟದ್ದು. ಕ್ಲೀನಪ್ ಅಂದರೆ ಬೇರೆಯವರು ಅರ್ಧಕ್ಕೆ ಬಿಟ್ಟ ಬೇಸನ್ನು ಇನ್ನೊಬ್ಬರು ಹೊಡೆದು ಮುಗಿಸುವುದು. ಲೈನಪ್ ಅಂದರೆ ಆ ದಿನ ಆಡುವವರ ಪಟ್ಟಿ, ರೋಸ್ಟರ್ ಅಂದರೆ ಇಡೀ ಲೀಗ್‌ಗೆ ಹೆಸರು ಕೊಟ್ಟವರ ಪಟ್ಟಿ. ಸಿಸಿ ಅಂದರೆ ಕ್ಲಾನ್ ಕ್ಯಾಸಲ್, ಕ್ಲಾನಿನವರು ಕೊಟ್ಟ ಸೇನೆ ಇರುವ ಕಟ್ಟಡ.

1. ರೋಸ್ಟರ್ ಹಾಕುವಾಗ ಟೌನ್‌ಹಾಲ್ ನೋಡಬೇಡಿ, ಆಸಾಮಿ ನೋಡಿ

ತಿಂಗಳ ಮೊದಲೆರಡು ದಿನ ಸೈನಪ್ ತೆರೆದಿರುತ್ತದೆ. ಆಗ ಲೀಡರ್ ಅಥವಾ ಕೋ-ಲೀಡರ್ ಹೆಸರುಗಳನ್ನು ಆರಿಸಿ ಲೀಗ್ ಶುರು ಮಾಡಬೇಕು. 15 ಜನರ ಲೀಗ್ ಆಡಿದರೂ ರೋಸ್ಟರ್‌ಗೆ ಅದಕ್ಕಿಂತ ಜಾಸ್ತಿ ಜನರನ್ನು ಸೇರಿಸಬಹುದು. ಲೀಗ್ ಶುರುವಾದ ಮೇಲೆ ಹೊಸಬರನ್ನು ಸೇರಿಸಲು ಆಗುವುದಿಲ್ಲ. ಇದನ್ನು ಮರೆಯುವ ಲೀಡರ್‌ಗಳು ತುಂಬಾ ಜನ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ 15 ಆಡಬೇಕಾ, 30 ಆಡಬೇಕಾ ಅನ್ನುವುದು. ನಂಬಿಕೆಯ 30 ಜನ ಇಲ್ಲದಿದ್ದರೆ 15 ಆಡಿ. ಕ್ಲಾನಲ್ಲಿ 40 ಜನ ಇರುವುದು ಬೇರೆ, ಏಳು ದಿನ ತಪ್ಪದೆ ಅಟ್ಯಾಕ್ ಹೊಡೆಯುವ 30 ಜನ ಇರುವುದು ಬೇರೆ.

ದಿನಕ್ಕೆ ಇಬ್ಬರು ಅಟ್ಯಾಕ್ ಮಿಸ್ ಮಾಡಿದರು ಎಂದುಕೊಳ್ಳಿ. ಏಳು ದಿನಕ್ಕೆ 14 ಅಟ್ಯಾಕ್. ಒಂದಕ್ಕೆ ಎರಡೇ ಸ್ಟಾರ್ ಅಂದರೂ 28 ಸ್ಟಾರ್ ಹೋಯಿತು. ಮೂರು ವಾರ್ ಗೆದ್ದರೆ ಸಿಗುವ ಬೋನಸ್ 30. ಅಂದರೆ ಹತ್ತಿರ ಹತ್ತಿರ ಮೂರು ಗೆಲುವನ್ನು ನೀವೇ ಎತ್ತಿ ಹೊರಗೆ ಹಾಕಿದಂತೆ. ಅದರ ಎದುರು, ಟೌನ್‌ಹಾಲ್ ಒಂದು ಲೆವೆಲ್ ಕಡಿಮೆ ಇದ್ದರೂ ದಿನವೂ ಎರಡು ಸ್ಟಾರ್ ತರುವ ಹುಡುಗ ಬಂಗಾರ.

ಮೆಡಲ್, ಅಂದರೆ ಲೀಗ್ ಆಡಿದ್ದಕ್ಕೆ ಸಿಗುವ ಬಹುಮಾನದ ವಿಚಾರ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜಗಳ ಶುರುವಾಗುವುದೇ ಇದರಿಂದ. ರೋಸ್ಟರ್‌ನಲ್ಲಿದ್ದು ಒಂದೂ ಸ್ಟಾರ್ ತರದವರಿಗೆ ಶೇ 20ರಷ್ಟು ಮೆಡಲ್ ಸಿಗುತ್ತದೆ. ಒಂದೊಂದು ಸ್ಟಾರ್‌ಗೂ ಶೇ 10 ಏರುತ್ತದೆ. ಎಂಟು ಸ್ಟಾರ್ ಆದರೆ ಪೂರ್ತಿ ಮೆಡಲ್. ಎಂಟಾದ ಮೇಲೆ ಆ ವ್ಯಕ್ತಿಗೆ ಮೆಡಲ್ ಲೆಕ್ಕದಲ್ಲಿ ಏನೂ ಜಾಸ್ತಿ ಸಿಗುವುದಿಲ್ಲ. ಅಂದರೆ ದಿನಕ್ಕೆ ಎರಡು ಸ್ಟಾರ್ ತರುವವರಿಗೆ ನಾಲ್ಕು ದಿನ ಸಾಕು.

15 ಜನರ ಲೀಗ್‌ನಲ್ಲಿ ಏಳು ದಿನಕ್ಕೆ ಒಟ್ಟು 105 ಜಾಗ. 20 ಜನರ ರೋಸ್ಟರ್ ಇದ್ದರೆ ಒಬ್ಬೊಬ್ಬರಿಗೆ ಐದು ದಿನ ಸಿಗುತ್ತದೆ. ನನ್ನ ಪ್ರಕಾರ 18ರಿಂದ 20 ಸರಿಯಾದ ಅಳತೆ. ಯಾರಿಗಾದರೂ ಪರೀಕ್ಷೆ ಬರುತ್ತದೆ, ಯಾರದೋ ಮನೆಯಲ್ಲಿ ಮದುವೆ, ನವೆಂಬರ್ ದಾಟಿದರೆ ತೋಟದವರಿಗೆ ಕಾಫಿ ಕುಯ್ಲು. ಬದಲಿಗೆ ಜನ ಇರಲೇಬೇಕು. 25ರ ಮೇಲೆ ಹೋದರೆ ಎಲ್ಲರಿಗೂ ಎಂಟು ಸ್ಟಾರ್ ಮುಟ್ಟಿಸುವುದು ಕಷ್ಟ, ಮುನಿಸು ಖಂಡಿತ.

2. ಶುರು ಮಾಡುವ ಸಮಯ ನಿಮ್ಮ ಕೈಯಲ್ಲಿದೆ

ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಗುಂಪು ಸಿಕ್ಕ ಗಳಿಗೆಯಿಂದ 24 ಗಂಟೆ ತಯಾರಿ ದಿನ, ಆಮೇಲೆ 24 ಗಂಟೆಗೆ ಒಂದರಂತೆ ಏಳು ವಾರ್. ಅಂದರೆ ಮೊದಲ ದಿನ ಗುಂಪು ಎಷ್ಟು ಹೊತ್ತಿಗೆ ಸಿಕ್ಕಿತೋ, ಸುಮಾರು ಅದೇ ಹೊತ್ತಿಗೆ ಪ್ರತಿದಿನದ ವಾರ್ ಮುಗಿಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಟನ್ ಒತ್ತಿದರೆ ಏಳು ದಿನವೂ ಮಧ್ಯಾಹ್ನವೇ ಗಡುವು. ಕಾಲೇಜಿನವರು ಕ್ಲಾಸಲ್ಲಿ, ಅಂಗಡಿಯವರು ಗಿರಾಕಿ ಮಧ್ಯೆ. ಯಾರು ಹೊಡೆಯುತ್ತಾರೆ?

ನಮ್ಮ ಕಡೆಯ ಕ್ಲಾನ್‌ಗಳಿಗೆ ರಾತ್ರಿ 9ರ ಆಸುಪಾಸು ಒಳ್ಳೆಯದು. ಕೆಲಸದಿಂದ ಬಂದವರಿಗೆ ಎರಡು ಗಂಟೆ ಸಿಗುತ್ತದೆ. ಉಳಿದವರನ್ನು ಫೋನ್ ಮಾಡಿ ಎಬ್ಬಿಸುವ ತಾಪತ್ರಯ ಇರುವುದಿಲ್ಲ. ಗುಂಪು ಹುಡುಕಲು ಸ್ವಲ್ಪ ಹೊತ್ತು ಹಿಡಿಯಬಹುದು, ಅದಕ್ಕೆ 8ರ ಸುಮಾರಿಗೆ ಶುರು ಮಾಡಿ.

ಮಳೆಗಾಲದಲ್ಲಿ ಮಾತ್ರ ಇನ್ನೊಂದು ಯೋಚನೆ ಬೇಕು. ಮೂಡಿಗೆರೆ, ಕಳಸ, ಸಕಲೇಶಪುರದ ಒಳಗಿನ ಹಳ್ಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಮರ ಬಿದ್ದರೆ ಕರೆಂಟ್ ಹೋಯಿತು, ಕರೆಂಟ್ ಹೋದರೆ ಟವರ್ ಸತ್ತಿತು. ಅಂಥ ಊರಿನ ಸದಸ್ಯರಿಗೆ "ಬೆಳಿಗ್ಗೆಯೇ ಹೊಡೆದುಬಿಡಿ" ಎಂದು ಮೊದಲೇ ಹೇಳಿ. ಅವರನ್ನು ಕೊನೆಯ ಗಂಟೆಗೆ ಉಳಿಸಿಕೊಳ್ಳಬೇಡಿ.

3. ಲೈನಪ್ ಒಂದು ದಿನ ಮೊದಲೇ ಬೀಗ ಬೀಳುತ್ತದೆ

ಒಂದು ವಾರ್ ನಡೆಯುತ್ತಿರುವಾಗಲೇ ಮುಂದಿನ ವಾರ್‌ನ ತಯಾರಿ ದಿನ ನಡೆಯುತ್ತಿರುತ್ತದೆ. ತಯಾರಿ ಶುರುವಾದ ಮೇಲೆ ಆ ದಿನದ ಲೈನಪ್ ಬದಲಿಸಲು ಬರುವುದಿಲ್ಲ. ಬುಧವಾರ ರಾತ್ರಿ 9ಕ್ಕೆ ಶುರುವಾಗುವ ವಾರ್‌ಗೆ ಮಂಗಳವಾರ ರಾತ್ರಿ 9ರೊಳಗೆ ಹೆಸರು ಅಂತಿಮ ಆಗಿರಬೇಕು. ಆ ವಾರ್ ಮುಗಿಯುವುದು ಗುರುವಾರ ರಾತ್ರಿ.

ಹಾಗಾಗಿ ಸದಸ್ಯರನ್ನು ಕೇಳಬೇಕಾದ್ದು "ನಾಳೆ ಇರ್ತೀಯಾ" ಅಂತಲ್ಲ. "ಗುರುವಾರ ಇರ್ತೀಯಾ" ಅಂತ. ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಲ್ ಹಾಕಿ, ಏಳು ದಿನದ ಹೆಸರು ಕೊಟ್ಟು ಟಿಕ್ ಮಾಡಿಸಿ. ದೀಪಾವಳಿ, ಹಾಸನಾಂಬೆ ದರ್ಶನದ ದಿನಗಳು ತಿಂಗಳ ಮೊದಲ ವಾರಕ್ಕೆ ಬಿದ್ದ ವರ್ಷ ಊರಿಗೆ ನೆಂಟರು ತುಂಬಿರುತ್ತಾರೆ. ಆಗ ಅರ್ಧ ಜನ ಫೋನ್ ಮುಟ್ಟುವುದಿಲ್ಲ. ಮೊದಲೇ ತಿಳಿದಿದ್ದರೆ ಬದಲಿ ಇಡಬಹುದು, ಅಲ್ವಾ?

ಗುಂಪಿನ ಎಂಟೂ ಕ್ಲಾನ್‌ಗಳ ಪಟ್ಟಿ ಮೊದಲ ದಿನವೇ ಕಾಣುತ್ತದೆ, ಯಾರ ಹತ್ತಿರ ಯಾವ ಲೆವೆಲ್‌ನ ಟೌನ್‌ಹಾಲ್ ಎಷ್ಟು ಎಂಬುದರ ಸಮೇತ. ಒಂದು ಹಾಳೆಯಲ್ಲಿ ಬರೆದುಕೊಂಡು, ಆಡಿ ಮುಗಿದವರ ಹೆಸರು ಹೊಡೆದುಹಾಕುತ್ತಾ ಬನ್ನಿ. ಕೊನೆಗೆ ದುರ್ಬಲ ಕ್ಲಾನ್‌ಗಳೇ ಬಾಕಿ ಉಳಿದರೆ ಚಿಕ್ಕ ಟೌನ್‌ಹಾಲ್‌ನವರನ್ನು ಆಗ ಆಡಿಸಿ. ಅವರಿಗೂ ಎಂಟು ಸ್ಟಾರ್ ಆಗುತ್ತದೆ, ಕ್ಲಾನಿಗೂ ನಷ್ಟ ಇಲ್ಲ. ಬಲವಾದ ಎರಡು ಕ್ಲಾನ್ ಬಾಕಿ ಇದ್ದರೆ ನಿಮ್ಮ ಗಟ್ಟಿ ಲೈನಪ್ ಬಿಡಬೇಡಿ.

4. ಯಾರು ಯಾವ ಬೇಸ್: ಇಡೀ ಲೀಗ್ ನಿಂತಿರುವುದು ಇಲ್ಲೇ

15 ಜನ, 15 ಬೇಸ್, 15 ಅಟ್ಯಾಕ್. ಈ ಮೂರು ಸಂಖ್ಯೆ ಒಂದೇ ಆಗಿರುವುದನ್ನು ಗಮನಿಸಿ. ಒಂದು ಬೇಸನ್ನು ಇಬ್ಬರು ಹೊಡೆದರು ಅಂದರೆ ಎಲ್ಲೋ ಒಂದು ಬೇಸ್ ಯಾರೂ ಮುಟ್ಟದೆ ಉಳಿಯುತ್ತದೆ. ಮಾಮೂಲಿ ವಾರ್‌ನಲ್ಲಿ ಎರಡನೇ ಅಟ್ಯಾಕ್ ಇರುವುದರಿಂದ ಕ್ಲೀನಪ್ ಒಳ್ಳೆಯ ಅಭ್ಯಾಸ. ಲೀಗ್‌ನಲ್ಲಿ ಅದೇ ಅಭ್ಯಾಸ ಸ್ಟಾರ್ ತಿನ್ನುತ್ತದೆ.

ಸಂಜೆ 7:30 ಅಂದುಕೊಳ್ಳಿ. ಇಬ್ಬರ ಅಟ್ಯಾಕ್ ಬಾಕಿ. ಒಬ್ಬರು ಟೌನ್‌ಹಾಲ್ 16, ಇನ್ನೊಬ್ಬರು 13. ಯಾರೂ ಮುಟ್ಟದ ಬೇಸ್‌ಗಳು ಎರಡು: 4ನೇದು, ಅದು ಟೌನ್‌ಹಾಲ್ 16. 14ನೇದು, ಅದು 12. ಇದರ ಮಧ್ಯೆ 8ನೇ ಬೇಸ್ ಎರಡು ಸ್ಟಾರ್, ಶೇ 94ಕ್ಕೆ ನಿಂತಿದೆ. ಗುಂಪಿನಲ್ಲಿ ಮೆಸೇಜ್ ಬರುತ್ತದೆ: "ಅಣ್ಣ, 8 ಮುಗಿಸಿಬಿಡಿ, ಸ್ವಲ್ಪ ಬಾಕಿ ಅಷ್ಟೇ." ಕೇಳಲು ಚೆನ್ನಾಗಿದೆ. ಆದರೆ 8ನೇ ಬೇಸ್ ಟ್ರಿಪಲ್ ಮಾಡಿದರೂ ಕ್ಲಾನಿಗೆ ಸೇರುವುದು ಒಂದೇ ಸ್ಟಾರ್, ಯಾಕೆಂದರೆ ಎರಡು ಆಗಲೇ ಬಂದಿವೆ. ಮತ್ತೆ, ನೀವು ಹೊಡೆಯುವಾಗ ಬೇಸ್ ಶೇ 94 ಬಿದ್ದ ಸ್ಥಿತಿಯಲ್ಲಿ ಇರುವುದಿಲ್ಲ. ಸೊನ್ನೆಯಿಂದಲೇ ಶುರು. 4ನೇ ಬೇಸ್‌ನಲ್ಲಿ ಅರ್ಧ ಕೆಡವಿ ಒಂದು ಸ್ಟಾರ್ ತಂದರೂ ಲೆಕ್ಕ ಸಮ. ಟೌನ್‌ಹಾಲ್ ಬಿದ್ದರೆ ಲಾಭ. ಟ್ರಿಪಲ್ ಆದರೆ ಮೂರು. ಡಿಸ್ಟ್ರಕ್ಷನ್ ಲೆಕ್ಕದಲ್ಲೂ ಅಷ್ಟೇ: 8ರಲ್ಲಿ ಸೇರುವುದು ಆರು, 4ರಲ್ಲಿ ಅರ್ಧ ಬಿದ್ದರೂ ಐವತ್ತು.

ಆದ್ದರಿಂದ ಫ್ರೆಶ್ ಬೇಸ್ ಮೊದಲು. ಟೌನ್‌ಹಾಲ್ 16ರವರು 4ನೇ ಬೇಸ್‌ಗೆ, ಟೌನ್‌ಹಾಲ್ 13ರವರು 14ನೇ ಬೇಸ್‌ಗೆ.

ಇದಕ್ಕೆ ಅಪವಾದ ಒಂದಿದೆ. ಯಾರೋ ಸುಲಭದ ಬೇಸ್‌ನಲ್ಲಿ ಎಡವಿ ಸೊನ್ನೆ ಸ್ಟಾರ್ ತಂದಿದ್ದರೆ ಆ ಬೇಸ್ ಫ್ರೆಶ್ ಇದ್ದಂತೆಯೇ ಲೆಕ್ಕ. ಉಳಿದ ಒಂದು ಫ್ರೆಶ್ ಬೇಸ್ ಯಾರಿಗೂ ಒಂದಕ್ಕಿಂತ ಜಾಸ್ತಿ ಸ್ಟಾರ್ ಕೊಡದಷ್ಟು ಗಟ್ಟಿ ಇದ್ದರೆ, ಗಟ್ಟಿ ಆಟಗಾರ ಸೊನ್ನೆಯ ಬೇಸ್‌ಗೆ ಹೋಗಲಿ. ಮೂರು ಸಿಗುವ ಕಡೆ ಮೂರು ತಗೊಳ್ಳಿ.

ಇಂಥ ಎಡವಟ್ಟಿಗೆಂದೇ ಒಬ್ಬಿಬ್ಬರನ್ನು ಕೊನೆಗೆ ಉಳಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಬೇಡ. ಉಳಿಸಿಕೊಂಡವರು ಆ ಹೊತ್ತಿಗೆ ಮನೆಯಲ್ಲಿ ವೈಫೈ ಮುಂದೆ ಕೂತಿರುತ್ತಾರೆ ಎಂದು ಗ್ಯಾರಂಟಿ ಇರಬೇಕು.

ಈಗ ಮಿರರ್ ವಿಚಾರ. "ಎಲ್ಲರೂ ನಿಮ್ಮ ನಿಮ್ಮ ನಂಬರ್ ಹೊಡೀರಿ" ಎನ್ನುವುದು ಸುಲಭದ ಆದೇಶ, ಕೆಟ್ಟದ್ದೂ ಅಲ್ಲ. ಆದರೆ ಎದುರಿನವರ ಮೇಲಿನ ಎರಡು ಬೇಸ್ ನಿಮ್ಮ ಯಾರ ಕೈಗೂ ಸಿಗದಷ್ಟು ದೊಡ್ಡದಾಗಿದ್ದರೆ? ನಿಮ್ಮ 1 ಮತ್ತು 2ನೇಯವರು ಅಲ್ಲಿ ಒಂದೊಂದು ಸ್ಟಾರ್‌ಗೆ ಒದ್ದಾಡುತ್ತಾರೆ. ನಿಮ್ಮ ಅತ್ಯುತ್ತಮ ಅಟ್ಯಾಕ್ ಎರಡೂ ಅಲ್ಲೇ ಮುಗಿಯಿತು.

ಆಗ ಕೆಳಕ್ಕೆ ಜಾರಿಸಿ. ಮೇಲಿನ ಎರಡು ಬೇಸನ್ನು ನಿಮ್ಮ ಕೊನೆಯ ಇಬ್ಬರಿಗೆ ಕೊಡಿ. ಅವರು ಸೊನ್ನೆ ತಂದರೂ ಪರವಾಗಿಲ್ಲ, ಒಂದು ತಂದರೆ ಹಬ್ಬ. ಉಳಿದ ಹದಿಮೂರು ಜನ ತಮ್ಮ ನಂಬರ್‌ಗಿಂತ ಎರಡು ಕೆಳಗಿನ ಬೇಸ್ ಹೊಡೆಯುತ್ತಾರೆ. ನಿಮ್ಮ 1ನೇಯವರು ಅವರ 3ಕ್ಕೆ, 13ನೇಯವರು ಅವರ 15ಕ್ಕೆ. ಮೆಸೇಜ್ ಹೀಗೆ ಹಾಕಿದರೆ ಸಾಕು:

"ಇವತ್ತು ರಾತ್ರಿ 9ಕ್ಕೆ ಶುರು, ನಾಳೆ 9ಕ್ಕೆ ಮುಗಿಯುತ್ತೆ. ಅವರ 1 ಮತ್ತು 2 ನಮ್ಮ 14, 15ರವರಿಗೆ. ಉಳಿದವರು ನಿಮ್ಮ ನಂಬರ್‌ಗೆ ಎರಡು ಕೂಡಿಸಿ. ನಾಳೆ ಸಂಜೆ 6ರೊಳಗೆ ಹೊಡೆಯದಿದ್ದರೆ ಫೋನ್ ಬರುತ್ತೆ."

ಇದು ಯಾವಾಗಲೂ ಲಾಭ ಅಂತ ತಿಳಿಯಬೇಡಿ. ಎದುರಿನ ಮ್ಯಾಪ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ ಮಾತ್ರ, ಅಂದರೆ 17, 17, 16, 16, 15, 15 ಹೀಗೆ ಇದ್ದರೆ, ಎರಡು ಜಾರಿಸಿದಾಗ ಬಹಳ ಜನರಿಗೆ ಒಂದು ಲೆವೆಲ್ ಕಡಿಮೆಯ ಬೇಸ್ ಸಿಗುತ್ತದೆ. ಹದಿನೈದೂ ಒಂದೇ ಲೆವೆಲ್ ಇದ್ದರೆ ಜಾರಿಸಿ ಏನೂ ಸಿಗದು. ಕೊನೆಯ ಇಬ್ಬರ ಸ್ಟಾರ್ ಹಾಳಾಗುತ್ತದೆ ಅಷ್ಟೇ. ಆಗ ಮಿರರ್ ಇರಲಿ.

ಇನ್ನೊಂದು ಎಚ್ಚರಿಕೆ. ಆ ಬಲಿ ಸ್ಥಾನವನ್ನು ದಿನವೂ ಅದೇ ಇಬ್ಬರಿಗೆ ಕೊಡಬೇಡಿ. ಅವರಿಗೂ ಎಂಟು ಸ್ಟಾರ್ ಬೇಕು.

5. ಅಟ್ಯಾಕ್ ಹೊಡೆಯುವ ಮೊದಲು, ಹೊಡೆಯುವಾಗ

2025ರಲ್ಲಿ ಬಂದ ಬದಲಾವಣೆಯಿಂದ ಸೇನೆ ತಯಾರಾಗಲು ಕಾಯಬೇಕಾಗಿಲ್ಲ. ಇದರಿಂದ ಅನುಕೂಲವೂ ಆಯಿತು, ಅವಸರವೂ ಜಾಸ್ತಿಯಾಯಿತು. ಆಪ್ ತೆರೆದು ಸೀದಾ ಅಟ್ಯಾಕ್ ಒತ್ತುವವರು ಹೆಚ್ಚಾಗಿದ್ದಾರೆ.

ಒತ್ತುವ ಮೊದಲು ಮೂರು ಸಂಗತಿ ನೋಡಿ. ಸಿಸಿ ತುಂಬಿದೆಯಾ? ಅದರಲ್ಲಿ ಸೇನೆ, ಸ್ಪೆಲ್ (ಮಂತ್ರ), ಸೀಜ್ ಮಷೀನ್ (ಮುತ್ತಿಗೆ ಯಂತ್ರ) ಮೂರನ್ನೂ ಕ್ಲಾನಿನವರಿಂದ ಕೇಳಿದ್ದೀರಾ? ಖಾಲಿ ಸಿಸಿ ಇಟ್ಟುಕೊಂಡು ಹೋಗಿ ಶೇ 97ಕ್ಕೆ ನಿಂತವರು ಪ್ರತಿ ಲೀಗ್‌ನಲ್ಲೂ ಇರುತ್ತಾರೆ. ಎರಡನೆಯದು, ಹಿಂದಿನ ಆಟದಲ್ಲಿ ಬೇರೆ ಸೇನೆ ಹಾಕಿಕೊಂಡಿದ್ದರೆ ಅದನ್ನು ಬದಲಿಸಿದ್ದೀರಾ. ಮೂರನೆಯದು ನೆಟ್‌ವರ್ಕ್.

ನೆಟ್‌ವರ್ಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಟ್ಯಾಕ್ ಮೂರು ನಿಮಿಷದ್ದು. ಒಮ್ಮೆ ಸೇನೆ ಇಳಿಸಿದ ಮೇಲೆ ಸಿಗ್ನಲ್ ಹೋದರೆ ಆ ಅಟ್ಯಾಕ್ ಲೆಕ್ಕಕ್ಕೆ ಹೋಯಿತು, ಇನ್ನೊಂದು ಸಿಗುವುದಿಲ್ಲ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಸ್ಸಿನಲ್ಲಿ ಕೂತು ಹೊಡೆಯಬೇಡಿ. ಮಂಗಳೂರಿನ ರೈಲಿನಲ್ಲಂತೂ ಬೇಡವೇ ಬೇಡ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ 57 ಸುರಂಗ ಇವೆ. ಹಾಸನ ಸ್ಟೇಷನ್‌ನಲ್ಲಿ ಗಾಡಿ ಹತ್ತುವ ಮೊದಲೇ ಮುಗಿಸಿ, ಇಲ್ಲ ಊರು ಮುಟ್ಟಿದ ಮೇಲೆ ಹೊಡೆಯಿರಿ.

ಫೋನ್ ಕಾಲ್ ಕೂಡ ಅಟ್ಯಾಕ್ ಕೆಡಿಸುತ್ತದೆ. ಡು ನಾಟ್ ಡಿಸ್ಟರ್ಬ್ ಹಾಕಿಕೊಳ್ಳಿ. ಬ್ಯಾಟರಿ ಶೇ 10ಕ್ಕೆ ಇಳಿದಿದ್ದರೆ ಚಾರ್ಜರ್ ಹುಡುಕಿ.

ಇನ್ನು ಸೇನೆ. ಯೂಟ್ಯೂಬ್‌ನಲ್ಲಿ ನಿನ್ನೆ ನೋಡಿದ ಹೊಸ ಸೇನೆಯನ್ನು ಲೀಗ್‌ನಲ್ಲಿ ಪ್ರಯೋಗ ಮಾಡಬೇಡಿ. ನಿಮಗೆ ಕೈ ಕುದುರಿದ ಒಂದು ಸೇನೆ ಇರಲಿ, ಸಾಧ್ಯವಾದರೆ ಎರಡು: ಒಂದು ನೆಲದ್ದು, ಒಂದು ಗಾಳಿಯದ್ದು. ಎದುರಿನ ಬೇಸ್ ನೋಡಿ ಎರಡರಲ್ಲಿ ಒಂದು ಆರಿಸಿ. ಅಭ್ಯಾಸಕ್ಕೆ ಫ್ರೆಂಡ್ಲಿ ಚಾಲೆಂಜ್ ಇದೆ. ಅದರಲ್ಲಿ ಕ್ಲಾನಿನವರ ಬೇಸನ್ನು ಎಷ್ಟು ಸಲ ಬೇಕಾದರೂ ಹೊಡೆಯಬಹುದು, ಏನೂ ಖರ್ಚಿಲ್ಲ. ಎದುರಿನ ಬೇಸ್‌ಗೆ ಹೋಲುವ ಲೇಔಟ್ ಹಾಕಿಕೊಡಲು ಯಾರನ್ನಾದರೂ ಕೇಳಿ. ತಯಾರಿ ದಿನ ಇರುವುದೇ ಅದಕ್ಕೆ.

ಬೇಸ್ ನೋಡುವಾಗ ಟೌನ್‌ಹಾಲ್ ಎಲ್ಲಿದೆ, ಯಾವ ಕಡೆಯಿಂದ ಹೋದರೆ ಹತ್ತಿರ ಎಂಬುದು ಮೊದಲು. ಗಾಳಿಯ ಸೇನೆಯಾದರೆ ಅದನ್ನು ಊದಿ ಹಿಂದಕ್ಕೆ ತಳ್ಳುವ ಏರ್ ಸ್ವೀಪರ್ ಯಾವ ಕಡೆ ಮುಖ ಮಾಡಿದೆ ನೋಡಿ, ಅದರ ಬೆನ್ನ ಕಡೆಯಿಂದ ಬನ್ನಿ. ಆಮೇಲೆ ಫನಲ್. ಅಂದರೆ ಮುಖ್ಯ ಸೇನೆ ಇಳಿಸುವ ಮೊದಲು ಎಡಕ್ಕೂ ಬಲಕ್ಕೂ ಹೊರಗಿನ ಕಟ್ಟಡಗಳನ್ನು ಕೆಡವಿ, ಸೇನೆ ಬೇಸನ್ನು ಸುತ್ತು ಹಾಕದೆ ನೇರ ಒಳಗೆ ಹೋಗುವಂತೆ ದಾರಿ ಮಾಡುವುದು. ಹೊಸಬರ ನೂರೆಂಟು ಸೋಲಿಗೆ ಫನಲ್ ಮಾಡದಿರುವುದೇ ಕಾರಣ. ಎರಡು ಬದಿ ತೆರವಾಗುವ ಮೊದಲು ಅವಸರಪಟ್ಟು ಎಲ್ಲ ಇಳಿಸಿಬಿಡುತ್ತಾರೆ, ಸೇನೆ ಗೋಡೆ ಹೊರಗೇ ತಿರುಗುತ್ತದೆ.

ಎರಡು ಮೂರು ಚಿಕ್ಕ ಸೈನಿಕರನ್ನು ಕೈಯಲ್ಲಿ ಉಳಿಸಿಕೊಳ್ಳಿ. ಮೂಲೆಯಲ್ಲಿ ಬಿಲ್ಡರ್ ಗುಡಿಸಲು ಇಟ್ಟಿರುತ್ತಾರೆ. ಸೇನೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸಮಯ ಮುಗಿಯುತ್ತದೆ. ಒಂದು ನಿಮಿಷ ಬಾಕಿ ಇರುವಾಗ ಒಮ್ಮೆ ಇಡೀ ಬೇಸ್ ಕಣ್ಣಾಡಿಸಿ, ದೂರ ಉಳಿದ ಕಟ್ಟಡಕ್ಕೆ ಅವರನ್ನು ಇಳಿಸಿ.

ಟ್ರಿಪಲ್ ಆಗುವುದಿಲ್ಲ ಎಂದು ಮಧ್ಯದಲ್ಲೇ ಗೊತ್ತಾದರೆ ಹಟ ಬಿಡಿ. ಉಳಿದ ಸ್ಪೆಲ್, ಹೀರೋ ಶಕ್ತಿ ಎಲ್ಲವನ್ನೂ ಟೌನ್‌ಹಾಲ್ ಕಡೆಗೆ ಸುರಿಯಿರಿ. ಅರ್ಧ ದಾಟಿ ಟೌನ್‌ಹಾಲ್ ಬಿದ್ದರೆ ಎರಡು ಸ್ಟಾರ್ ಕಿಸೆಯಲ್ಲಿ. ಟೌನ್‌ಹಾಲ್ ಬಿಟ್ಟು ಶೇ 80 ಕೆಡವಿದರೂ ಒಂದೇ ಸ್ಟಾರ್.

ಈಗಾಗಲೇ ಯಾರೋ ಹೊಡೆದ ಬೇಸ್‌ಗೆ ಹೋಗುವುದಾದರೆ ಅವರ ರೀಪ್ಲೇ ನೋಡದೆ ಹೋಗಬೇಡಿ. ಅಡಗಿರುವ ಟೆಸ್ಲಾ ಗೋಪುರ ಎಲ್ಲಿ, ಬಾಂಬ್ ಎಲ್ಲಿ, ಸಿಸಿಯಿಂದ ಏನು ಹೊರಬಂತು, ಎಲ್ಲ ಕಾಣುತ್ತದೆ. ಸಿಸಿ ಸೇನೆ ನಿಮಗೂ ಮತ್ತೆ ಪೂರ್ತಿ ಬರುತ್ತದೆ, ಅವರು ಕೊಂದರು ಅಂತ ಖಾಲಿ ಇರುವುದಿಲ್ಲ.

6. ಡಿಫೆನ್ಸ್

ಇಲ್ಲಿ ಹೇಳುವುದು ಕಡಿಮೆ. ವಾರ್ ಬೇಸ್ ಬೇರೆ, ಹಳ್ಳಿಯ ಬೇಸ್ ಬೇರೆ. ತಯಾರಿ ದಿನದಲ್ಲೇ ಸರಿಪಡಿಸಿ, ವಾರ್ ಶುರುವಾದ ಮೇಲೆ ಬದಲಿಸಲು ಆಗುವುದಿಲ್ಲ. ಎಲ್ಲರೂ ಒಂದೇ ಲಿಂಕ್‌ನಿಂದ ಕಾಪಿ ಮಾಡಿದ ಲೇಔಟ್ ಹಾಕಬೇಡಿ. ಒಂದನ್ನು ಹೊಡೆದವರು ಉಳಿದ ನಾಲ್ಕನ್ನೂ ಹೊಡೆಯುತ್ತಾರೆ. ಸಿಸಿಯಲ್ಲಿ ಕಾವಲಿಗೆ ಯಾವ ಸೇನೆ ಇದೆ ಎಂದು ಒಬ್ಬ ಕೋ-ಲೀಡರ್ ಪ್ರತಿ ತಯಾರಿ ದಿನ ಒಮ್ಮೆ ನೋಡಲಿ. ಬಿಲ್ಲುಗಾರರನ್ನಷ್ಟೇ ತುಂಬಿಸಿ ಕೈತೊಳೆದುಕೊಳ್ಳುವ ಸೋಮಾರಿಗಳು ಇರುತ್ತಾರೆ.

7. ಗಡುವಿನ ಕೆಲಸ ಒಬ್ಬರಿಗೇ ವಹಿಸಿ

"ಎಲ್ಲರೂ ಜ್ಞಾಪಿಸಿ" ಅಂದರೆ ಯಾರೂ ಜ್ಞಾಪಿಸುವುದಿಲ್ಲ. ದಿನಕ್ಕೊಬ್ಬ ಕೋ-ಲೀಡರ್ ಹೆಸರು ಹಾಕಿ. ಅವರ ಕೆಲಸ ಇಷ್ಟೇ: ಸಂಜೆ 6ಕ್ಕೆ ಯಾರ ಅಟ್ಯಾಕ್ ಬಾಕಿ ಎಂದು ಗುಂಪಿನಲ್ಲಿ ಹಾಕುವುದು, 7:30ಕ್ಕೆ ಉಳಿದವರಿಗೆ ನೇರ ಕಾಲ್ ಮಾಡುವುದು. ಗುಂಪಿನ ಮೆಸೇಜ್ ನೋಡದವರು ಕಾಲ್ ಎತ್ತುತ್ತಾರೆ.

ಕಾಲ್ ಎತ್ತದವರಿಗೆ ಎರಡನೇ ಸಲ ಜಾಗ ಕೊಡಬೇಡಿ. ಗೆಳೆಯ, ಸೋದರಸಂಬಂಧಿ, ಯಾರೇ ಆಗಲಿ.

ಒಂದು ಕೆಟ್ಟ ದಾರಿಯ ಬಗ್ಗೆ ಎಚ್ಚರಿಕೆ. ಅಟ್ಯಾಕ್ ಮಿಸ್ ಆಗಬಾರದೆಂದು ಇನ್ನೊಬ್ಬರಿಗೆ ಅಕೌಂಟ್ ಕೊಡುವುದು, ಸೂಪರ್‌ಸೆಲ್ ಐಡಿಗೆ ಈಮೇಲ್‌ನಲ್ಲಿ ಬರುವ ಕೋಡ್ ವಾಟ್ಸಾಪ್‌ನಲ್ಲಿ ಹಂಚುವುದು ನಡೆದೇ ಇದೆ. ಆ ಕೋಡ್ ಸಿಕ್ಕವರಿಗೆ ಇಡೀ ಅಕೌಂಟ್ ಸಿಕ್ಕಂತೆ. ವರ್ಷಗಟ್ಟಲೆ ಕಟ್ಟಿದ ಹಳ್ಳಿ ಮೂರು ಸ್ಟಾರ್ ಆಸೆಗೆ ಹೋಗುವುದು ಬೇಡ. ತಾನೇ ಅಟ್ಯಾಕ್ ಮಾಡುವ ಆಪ್, ಮಾಡ್ ಮಾಡಿದ ಆಟ ಕೂಡ ಬೇಡ. ಅಕೌಂಟ್ ಬ್ಯಾನ್ ಆಗುತ್ತದೆ.

8. ಬೋನಸ್ ಮೆಡಲ್ ಹಂಚುವುದು

ಲೀಗ್ ಮುಗಿದ ಮೇಲೆ ಲೀಡರ್‌ಗೆ ಕೆಲವರಿಗೆ ಹೆಚ್ಚುವರಿ ಮೆಡಲ್ ಕೊಡುವ ಅವಕಾಶ ಇರುತ್ತದೆ. ಎಷ್ಟು ಜನರಿಗೆ ಎಂಬುದು ನೀವು ಯಾವ ಲೀಗ್‌ನಲ್ಲಿದ್ದೀರಿ, ಎಷ್ಟು ವಾರ್ ಗೆದ್ದಿರಿ ಎಂಬುದರ ಮೇಲೆ ಹೋಗುತ್ತದೆ. ಮೆಡಲ್ ಲೀಗ್ ಶಾಪ್‌ನಲ್ಲಿ ಹ್ಯಾಮರ್ ಕೊಳ್ಳಲು ಬೇಕು. ಹ್ಯಾಮರ್ ಅಂದರೆ ಒಂದು ಅಪ್‌ಗ್ರೇಡನ್ನು ಖರ್ಚಿಲ್ಲದೆ ಆ ಕ್ಷಣವೇ ಮುಗಿಸುವ ಸಾಮಾನು. ಹಾಗಾಗಿ ಬೋನಸ್ ಮೇಲೆ ಎಲ್ಲರ ಕಣ್ಣು.

ಕ್ಲಾನ್ ಒಡೆಯುವುದು ಸೋಲಿನಿಂದಲ್ಲ, ಬೋನಸ್‌ನಿಂದ. ನಿಯಮವನ್ನು ಲೀಗ್ ಶುರುವಾಗುವ ಮೊದಲೇ ಬರೆದು ಹಾಕಿ. ಒಟ್ಟು ಸ್ಟಾರ್ ಮಾತ್ರ ನೋಡಿದರೆ ಏಳು ದಿನ ಸುಲಭದ ಬೇಸ್ ಸಿಕ್ಕವರಿಗೇ ಎಲ್ಲ ಹೋಗುತ್ತದೆ. ನಾನು ಹೇಳುವ ಕ್ರಮ ಹೀಗೆ. ಒಂದು ಅಟ್ಯಾಕ್ ಮಿಸ್ ಮಾಡಿದವರೂ ಪಟ್ಟಿಯಿಂದ ಹೊರಗೆ. ಲೀಡರ್ ಹೇಳಿದ ಬೇಸ್ ಬಿಟ್ಟು ತಮಗೆ ಬೇಕಾದ್ದು ಹೊಡೆದವರೂ ಹೊರಗೆ. ತಮ್ಮಷ್ಟೇ ಅಥವಾ ತಮಗಿಂತ ದೊಡ್ಡ ಟೌನ್‌ಹಾಲ್ ಟ್ರಿಪಲ್ ಮಾಡಿದವರು ಮೊದಲು. ಆಮೇಲೆ 4ನೇ ಹಂತದಲ್ಲಿ ಹೇಳಿದ ಬಲಿ ಬೇಸ್ ತಗೊಂಡವರು. ಕ್ಲಾನಿಗಾಗಿ ತಮ್ಮ ಸ್ಟಾರ್ ಬಿಟ್ಟವರಿಗೆ ಬೋನಸ್ ಕೊಡದಿದ್ದರೆ ಮುಂದಿನ ತಿಂಗಳು "ನಾನ್ಯಾಕೆ 1ನೇ ಬೇಸ್ ಹೊಡೀಲಿ" ಎನ್ನುತ್ತಾರೆ. ತಪ್ಪಿಲ್ಲ. ಅದರ ನಂತರವೇ ಒಟ್ಟು ಸ್ಟಾರ್ ಲೆಕ್ಕ.

ಹೋದ ತಿಂಗಳು ಬೋನಸ್ ಪಡೆದವರು ಈ ತಿಂಗಳು ಸಮ ಬಂದರೆ ಹಿಂದೆ ನಿಲ್ಲಲಿ. ಏಳೂ ದಿನದ ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೋನಸ್ ಕೊಟ್ಟ ಮೇಲೆ ಹೆಸರು, ಕಾರಣ ಎರಡನ್ನೂ ಗುಂಪಿನಲ್ಲಿ ಹಾಕಿ. ಅದೇ ಮೆಸೇಜ್‌ನ ಕೆಳಗೆ ಮುಂದಿನ ತಿಂಗಳ ಏಳು ದಿನದ ಪೋಲ್ ಹಾಕಿಬಿಡಿ, ಎಲ್ಲರೂ ಗುಂಪು ತೆರೆದು ನೋಡುವುದು ಆ ಹೊತ್ತಿನಲ್ಲೇ.